ಬಂದ ನೀರು, ಹೋದ ನೀರು



ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯನ್ನು ಹೊಸೂರು ಸೀಮೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ತಮಿಳಿನಲ್ಲಿ ಅವಳನ್ನು ತೆನ್‌ಪೆಣ್ಣೈ ಎನ್ನುತ್ತಾರೆ. ಅದೇ ಬೆಟ್ಟದ ಸಾಲಿನಿಂದ ಹೊರಟು ಹಿಂದೂಪುರದ ಕಡೆಗೆ ಹೋಗುವ ಉತ್ತರ ಪಿನಾಕಿನಿಯನ್ನು ಮಡಕಶಿರಾ ಕಡೆಯ ಕೇಳುಗರು ಬಲ್ಲರು. ಈ ಹೊತ್ತು ನಮ್ಮ ಮಾತು ದಕ್ಷಿಣಕ್ಕೆ ಬರುವವಳನ್ನು ಕುರಿತದ್ದು. ದೇವನಹಳ್ಳಿ, ಹೊಸಕೋಟೆಗಳನ್ನು ಹಾದು, ಬೆಂಗಳೂರಿನ ಪೂರ್ವದ ಅಂಚನ್ನು ಬಳಸಿಕೊಂಡು, ಬಾಗಲೂರಿನ ಹತ್ತಿರದ ಕೊಡಿಯಾಳದ ಬಳಿ ಅವಳು ತಮಿಳುನಾಡಿಗೆ ಕಾಲಿಡುತ್ತಾಳೆ. ಅಲ್ಲಿಂದ ಮುಂದೆ ಕೆಲವರಪಳ್ಳಿ ಅಣೆಕಟ್ಟು, ಕೃಷ್ಣಗಿರಿ ಅಣೆಕಟ್ಟು, ಸಾತನೂರು ಅಣೆಕಟ್ಟು, ಕೊನೆಗೆ ಕಡಲೂರಿನ ಬಳಿ ಸಮುದ್ರ.

ಈ ಹೊಳೆ ಮಳೆಗಾಲದ ಹೊಳೆ. ಮಳೆ ಬಂದಾಗ ಹರಿಯುವುದು, ಮಳೆ ನಿಂತ ಮೇಲೆ ಮರಳು ಕಾಣುವುದು ಅದರ ಹಳೆಯ ನಡತೆ. ಮೇಲ್ಭಾಗದ ಕೆರೆಗಳು ಮಳೆಯ ನೀರನ್ನು ಅಲ್ಲಲ್ಲೇ ತಡೆಯುವುದರಿಂದ ಹೊಸಕೋಟೆಯ ಮೇಲೆ ಹೊಳೆ ಒಣಗಿರುವುದೇ ಹೆಚ್ಚು. ಆದರೆ ಕೊಡಿಯಾಳದ ಬಳಿ ಬಿರುಬೇಸಿಗೆಯಲ್ಲಿಯೂ ನೀರು ಹರಿಯುತ್ತದೆ. ಆ ನೀರು ಕಪ್ಪಗಿರುತ್ತದೆ, ನಾರುತ್ತದೆ. ಅಣೆಕಟ್ಟಿನ ಬಾಗಿಲು ಎತ್ತಿದಾಗ ಆಳೆತ್ತರದ ಬಿಳಿಯ ನೊರೆ ಏಳುತ್ತದೆ. ಮೇಲೆ ಒಣಗಿದ ಹೊಳೆ ಕೆಳಗೆ ತುಂಬಿ ಹರಿಯುವುದು ಎಲ್ಲಿಯ ನೀರಿನಿಂದ? ಬಹುಪಾಲು ಅದು ಬೆಂಗಳೂರು ಬಳಸಿ ಬಿಟ್ಟ ನೀರು. ಅದರಲ್ಲಿ ದೊಡ್ಡ ಪಾಲು ಕಾವೇರಿಯಿಂದ ಸುಮಾರು ನೂರು ಕಿಲೋಮೀಟರು ದೂರ ಪಂಪಿನಲ್ಲಿ ಏರಿ ಬಂದದ್ದು. ಒಂದು ನದಿಯ ನೀರು ಇನ್ನೊಂದು ನದಿಯಲ್ಲಿ ಕೊಳಚೆಯಾಗಿ ಇಳಿಯುವಂತಾದದ್ದು ಒಂದೆರಡು ವರ್ಷದ ಮಾತಲ್ಲ. ಅದಕ್ಕೆ ನೂರ ಮೂವತ್ತು ವರ್ಷದ ಇತಿಹಾಸವಿದೆ.

ಬೆಂಗಳೂರಿಗೆ ಹೊಳೆಯ ದಡವಿಲ್ಲ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ದಿಣ್ಣೆಯ ಮೇಲೆ ಕುಳಿತ ಊರು ಅದು. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯಾಗಿ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಕೋರಮಂಗಲ–ಚಲ್ಲಘಟ್ಟದ ಕಣಿವೆ ಮತ್ತು ಹೆಬ್ಬಾಳದ ಕಣಿವೆಗಳ ಮೂಲಕ ಪಿನಾಕಿನಿಗೆ ಸೇರುತ್ತದೆ. ವೃಷಭವೆಂದರೆ ಶಿವನ ವಾಹನ, ಪಿನಾಕವೆಂದರೆ ಶಿವನ ಬಿಲ್ಲು. ಊರಿನ ಎರಡು ಮಗ್ಗುಲಿಗೂ ಶಿವನ ಹೆಸರಿನ ಹೊಳೆಗಳೇ. ಇಂಥ ಊರಿನಲ್ಲಿ ಬದುಕಬೇಕಾದರೆ ಮಳೆಯ ನೀರನ್ನು ಕಟ್ಟಿ ನಿಲ್ಲಿಸಬೇಕು. 1537ರಲ್ಲಿ ಕೋಟೆ ಕಟ್ಟಿದನೆನ್ನುವ ಕೆಂಪೇಗೌಡನ ಹೆಸರಿನೊಂದಿಗೆ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳು ಸೇರಿಕೊಂಡಿರುವುದು ಇದೇ ಕಾರಣಕ್ಕೆ. ಒಂದು ಕೆರೆ ತುಂಬಿ ಕೋಡಿ ಹರಿದರೆ ನೀರು ಕೆಳಗಿನ ಕೆರೆಗೆ ಹೋಗುತ್ತಿತ್ತು. ಆ ಕಾಲುವೆಗಳಿಗೆ ರಾಜಕಾಲುವೆ ಎಂದು ಹೆಸರು. ಈ ಹೆಸರನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

1809ರಲ್ಲಿ ಇಂಗ್ಲಿಷರ ದಂಡು ಬಂದು ಹಲಸೂರಿನ ಕಡೆ ನೆಲೆಸಿತು. ಅಲ್ಲಿಂದ ಬೆಂಗಳೂರು ಎರಡು ಊರಾಯಿತು, ಪೇಟೆ ಒಂದು, ದಂಡು ಇನ್ನೊಂದು. 1862ರಲ್ಲಿ ಎರಡಕ್ಕೂ ಬೇರೆಬೇರೆ ಪುರಸಭೆಗಳಾದವು. ದಂಡಿನ ನೀರಿಗಾಗಿ 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಲಾಯಿತು. ಪೇಟೆಯವರಿಗೆ ಬಾವಿ, ಕಲ್ಯಾಣಿ ಮತ್ತು ಕೆರೆಗಳೇ ಗತಿ.

ಆ ಕಾಲದ ಕೊಳಚೆಯ ಬಗ್ಗೆ ಬರೆದಿಟ್ಟವರು ಕಡಿಮೆ, ಯಾಕೆಂದರೆ ಕೊಳಚೆಯೇ ಕಡಿಮೆ ಇತ್ತು. ಬಾವಿಯಿಂದ ಸೇದಿ, ಸೊಂಟದ ಮೇಲೆ ಹೊತ್ತು ತಂದ ನೀರನ್ನು ಯಾರೂ ಸುರಿದು ಬಿಡುವುದಿಲ್ಲ. ಪಾತ್ರೆ ತೊಳೆದ ನೀರು ಹಿತ್ತಲಿನ ಬಾಳೆಗೆ, ಮುಸುರೆ ದನಕ್ಕೆ, ಮಿಕ್ಕದ್ದು ಬೀದಿಯ ಮೋರಿಗೆ. ಮನುಷ್ಯರ ಮಲ ಮಾತ್ರ ಹಾಗೆ ಹೋಗುತ್ತಿರಲಿಲ್ಲ. ಅದನ್ನು ಮನುಷ್ಯರೇ ಹೊರುತ್ತಿದ್ದರು. ಯಾವ ಜಾತಿಯವರು ಹೊರುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿರುವುದೇ.

ಈ ಲೆಕ್ಕ ತಪ್ಪಿದ್ದು ಕೊಳಾಯಿ ಬಂದಾಗ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು ನಳ ಎನ್ನುತ್ತಾರೆ. ಹೆಸರು ಯಾವುದಾದರೂ ಕೆಲಸ ಒಂದೇ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಊರಿಗೆ ವಾಯವ್ಯದ ಹೆಸರಘಟ್ಟದಲ್ಲಿ ಅರ್ಕಾವತಿಯ ನೀರನ್ನು ನಿಲ್ಲಿಸಿ, ಸೋಲದೇವನಹಳ್ಳಿಯಲ್ಲಿ ಹಬೆಯ ಯಂತ್ರಗಳನ್ನು ಇಟ್ಟು ಮೇಲಕ್ಕೆತ್ತಿ, 1896ರಲ್ಲಿ ಬೆಂಗಳೂರಿಗೆ ಕೊಟ್ಟರು. ಎರಡು ವರ್ಷದ ಹಿಂದೆ ತೀರಿಕೊಂಡಿದ್ದ ಮಹಾರಾಜ ಚಾಮರಾಜೇಂದ್ರ ಒಡೆಯರ ಹೆಸರನ್ನು ಆ ಕಾರ್ಖಾನೆಗೆ ಇಟ್ಟರು. ಪೇಟೆ, ದಂಡು ಎರಡಕ್ಕೂ ಒಂದೇ ನೀರು. ಆ ದಿನಗಳಿಗೆ ಅದು ಸಣ್ಣ ಸಾಹಸವಲ್ಲ, ಅದರ ಕೀರ್ತಿಯನ್ನು ಯಾರೂ ಕಡಿಮೆ ಮಾಡಬೇಕಾಗಿಲ್ಲ. ಆದರೆ ಒಂದನ್ನು ಗಮನಿಸಬೇಕು. ನೀರು ಬರುವ ದಾರಿಗೆ ಅಣೆ, ಯಂತ್ರ, ಕೊಳವೆ ಎಲ್ಲ ಆಯಿತು. ನೀರು ಹೋಗುವ ದಾರಿಗೆ ಹಳೆಯ ಬೀದಿ ಮೋರಿಯೇ ಉಳಿಯಿತು. ನೆಲದಡಿಯ ಮುಚ್ಚು ಚರಂಡಿಯ ಕೆಲಸ ಪೇಟೆಯ ನಡುಭಾಗದಲ್ಲಿ ಶುರುವಾದದ್ದು 1922ರಲ್ಲಿ. ಕೊಳಾಯಿ ಬಂದು ಆಗಲೇ ಇಪ್ಪತ್ತಾರು ವರ್ಷ ಕಳೆದಿತ್ತು.

ಆ ಇಪ್ಪತ್ತಾರು ವರ್ಷದ ನಡುವೆಯೇ, 1898ರ ಆಗಸ್ಟಿನಲ್ಲಿ, ಪ್ಲೇಗು ಬಂತು. ಪ್ಲೇಗು ನೀರಿನಿಂದ ಬರುವ ರೋಗವಲ್ಲ, ಇಲಿಯ ಮೈಮೇಲಿನ ಚಿಗಟದಿಂದ ಬರುವುದು. ಆದರೆ ಒತ್ತೊತ್ತಾದ ಕೇರಿಗಳು, ಕೊಳೆತ ಮೋರಿಗಳು ಅಧಿಕಾರಿಗಳ ಕಣ್ಣಿಗೆ ಬಿದ್ದದ್ದು ಆಗ. ಸಾವಿರಾರು ಜನ ಸತ್ತರು, ಪೇಟೆ ಖಾಲಿಯಾಯಿತು, ಪ್ಲೇಗಮ್ಮನ ಗುಡಿಗಳೆದ್ದವು. ಅನುಕೂಲವಿದ್ದವರು ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ಹೋದರು. ಆ ಬಡಾವಣೆಗಳ ನಕ್ಷೆ ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಮನೆಗಳ ಮುಂದೆ ಅಗಲವಾದ ರಸ್ತೆ, ಹಿಂದೆ ಒಂದು ಕಿರಿದಾದ ಓಣಿ. ಅದಕ್ಕೆ ಕನ್ಸರ್‌ವೆನ್ಸಿ ಓಣಿ ಎಂದು ಕರೆಯುತ್ತಾರೆ. ಮನೆಯ ಹಿಂದಿನ ಕಕ್ಕಸಿನಿಂದ ಮಲ ತೆಗೆಯಲು ಬರುವವರು ಮನೆಯವರ ಕಣ್ಣಿಗೆ ಬೀಳದಂತೆ ಓಡಾಡಲು ಮಾಡಿದ ದಾರಿ ಅದು. ಆರೋಗ್ಯಕ್ಕೆಂದು ಯೋಜಿಸಿದ ಊರಿನ ನಕ್ಷೆಯಲ್ಲೇ ಅಸ್ಪೃಶ್ಯತೆಗೆ ಇಷ್ಟು ಅಡಿ ಅಗಲವೆಂದು ಅಳತೆ ಹಾಕಿ ಗೆರೆ ಎಳೆದದ್ದು. ಈಗ ಅಂಥ ಓಣಿಗಳಲ್ಲಿ ಕೆಲವನ್ನು ಅಕ್ಕಪಕ್ಕದವರು ಸೇರಿಸಿಕೊಂಡಿದ್ದಾರೆ, ಕೆಲವಲ್ಲಿ ಸ್ಕೂಟರು ನಿಲ್ಲುತ್ತವೆ.

ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಲ್ಲಿಸಬೇಕೆಂದು ಆಜ್ಞೆಯಾದದ್ದು 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರಿಂದ. ಭಾರತ ಸರ್ಕಾರದ ಕಾನೂನು ಬಂದದ್ದು 1993ರಲ್ಲಿ. ಇನ್ನೂ ಬಿಗಿಯಾದದ್ದು 2013ರಲ್ಲಿ. ತಲೆಯ ಮೇಲಿನ ಡಬ್ಬಿ ಇಳಿಯಿತು, ನಿಜ. ಆದರೆ ನೆಲದಡಿಯ ಚರಂಡಿ ಕಟ್ಟಿಕೊಂಡಾಗ ಮ್ಯಾನ್‌ಹೋಲಿಗೆ ಇಳಿದವರು ಅದೇ ಮನೆತನಗಳವರು. ಬೆಂಗಳೂರಿನಲ್ಲಿ ಅವರಲ್ಲಿ ಅನೇಕರ ಮನೆಮಾತು ತೆಲುಗು. ಗಡಿಯ ಆಚೆಯಿಂದ ಒಂದೆರಡು ತಲೆಮಾರಿನ ಹಿಂದೆ ಕೂಲಿಗಾಗಿ ಬಂದವರು. ನಮ್ಮ ಹಾಗೆ ಎರಡು ಭಾಷೆಯವರು. ಚರಂಡಿಯೊಳಗೆ ಕಟ್ಟಿಕೊಂಡ ವಿಷಗಾಳಿಗೆ ಬಣ್ಣವಿಲ್ಲ. ಮೊದಲು ಇಳಿದವನು ಬಿದ್ದಾಗ, ಎತ್ತಲು ಇಳಿದವನೂ ಬೀಳುತ್ತಾನೆ. ಅದಕ್ಕೇ ಇಂಥ ಸಾವಿನ ಸುದ್ದಿಯಲ್ಲಿ ಒಂದು ಹೆಸರಿರುವುದು ಅಪರೂಪ, ಎರಡು ಮೂರು ಇರುತ್ತವೆ. 1993ರಿಂದೀಚೆಗೆ ಹೀಗೆ ಸತ್ತವರ ಕುಟುಂಬಗಳಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿರಲಿಲ್ಲ ಎಂದೇ ಅರ್ಥ.

ಇನ್ನು ಬರುವ ನೀರಿನ ಕಡೆಗೆ ತಿರುಗೋಣ. ಹೆಸರಘಟ್ಟ ಎರಡೂವರೆ ಲಕ್ಷ ಜನಕ್ಕೆ ಸಾಲಲೆಂದು ಲೆಕ್ಕ ಹಾಕಿ ಮಾಡಿದ್ದು. 1920ರ ದಶಕದಲ್ಲಿ ಮಳೆ ಕೈಕೊಟ್ಟು ಕೆರೆ ಬತ್ತಿತು. ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿಯ ಸಲಹೆಯಂತೆ ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ, ತಿಪ್ಪಗೊಂಡನಹಳ್ಳಿಯಲ್ಲಿ, 1933ರಲ್ಲಿ ಚಾಮರಾಜಸಾಗರವಾಯಿತು. ಸ್ವಾತಂತ್ರ್ಯ ಬಂತು, 1949ರಲ್ಲಿ ಎರಡು ಪುರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ ಆಯಿತು, ಕಾರ್ಖಾನೆಗಳು ಬಂದವು. ಇಡೀ ಊರಿಗೆ ಒಳಚರಂಡಿ ಮಾಡಬೇಕೆಂಬ ಯೋಜನೆ ಕೈಗೆತ್ತಿಕೊಂಡದ್ದು 1950ರಲ್ಲಿ. 1964ರಲ್ಲಿ ನೀರು ಮತ್ತು ಒಳಚರಂಡಿಗೆಂದೇ ಒಂದು ಮಂಡಳಿ ಸ್ಥಾಪನೆಯಾಯಿತು. ಮಂಡಳಿಯ ಹೆಸರಿನಲ್ಲಿ ಒಳಚರಂಡಿಯೂ ಇದೆ. ಹೆಸರಿನಲ್ಲಿ ಸಮಪಾಲು ಸಿಕ್ಕಿತು, ಕೆಲಸದಲ್ಲಿ ಸಿಕ್ಕಲಿಲ್ಲ.

ಅರ್ಕಾವತಿ ಸಾಲದಾದಾಗ ಕಾವೇರಿ. ಶಿವನಸಮುದ್ರದ ಕಡೆಯಿಂದ ತೊರೆಕಾಡನಹಳ್ಳಿಗೆ ನೀರನ್ನು ತಂದು, ಶುದ್ಧ ಮಾಡಿ, ಹಾರೋಹಳ್ಳಿ ಮತ್ತು ತಾತಗುಣಿಯಲ್ಲಿ ಮತ್ತೆ ಮತ್ತೆ ಎತ್ತಿ, ಒಟ್ಟು 500 ಮೀಟರಿನಷ್ಟು, ಎಂದರೆ ಹದಿನಾರು ನೂರು ಅಡಿಗೂ ಮೇಲೆ ಏರಿಸಬೇಕು. ಇಷ್ಟು ಎತ್ತರಕ್ಕೆ ನೀರೆತ್ತಿ ಕುಡಿಯುವ ದೊಡ್ಡ ಊರುಗಳು ಹೆಚ್ಚಿಲ್ಲ. 1974ರಲ್ಲಿ ಮೊದಲ ಹಂತ ಮುಗಿದು ದಿನಕ್ಕೆ 13 ಕೋಟಿ 50 ಲಕ್ಷ ಲೀಟರು ಬಂತು. 1982ರಲ್ಲಿ ಎರಡನೆಯ ಹಂತ, ಅಷ್ಟೇ ನೀರು. 1993ರಲ್ಲಿ ಮೂರನೆಯದು, 2002 ಮತ್ತು 2012ರಲ್ಲಿ ನಾಲ್ಕನೆಯದರ ಎರಡು ಭಾಗ. 2012ರದ್ದೊಂದೇ 50 ಕೋಟಿ ಲೀಟರಿನದು. ಎಲ್ಲ ಸೇರಿ ದಿನಕ್ಕೆ ಸುಮಾರು 145 ಕೋಟಿ ಲೀಟರಿಗೆ ಬಂದು ನಿಂತಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಯಿತು, ಅದರದು ಇನ್ನೂ 77 ಕೋಟಿ 50 ಲಕ್ಷ. ಪ್ರತಿ ಹಂತಕ್ಕೂ ಸಮಾರಂಭ ನಡೆದಿದೆ, ಕಲ್ಲಿನ ಮೇಲೆ ಹೆಸರುಗಳಿವೆ.

ಎಂಜಿನಿಯರುಗಳು ಬಳಸುವ ಒಂದು ಸರಳ ಲೆಕ್ಕವಿದೆ. ಮನೆಗೆ ಬಂದ ನೂರು ಲೀಟರು ನೀರಿನಲ್ಲಿ ಎಂಬತ್ತು ಲೀಟರು ಕೊಳಚೆಯಾಗಿ ಹೊರಗೆ ಹೋಗುತ್ತದೆ. ಕುಡಿದದ್ದು, ಆರಿದ್ದು, ಗಿಡಕ್ಕೆ ಹಾಕಿದ್ದು ಉಳಿದ ಇಪ್ಪತ್ತು. ಹಾಗಾದರೆ 1974ರಲ್ಲಿ 13 ಕೋಟಿ 50 ಲಕ್ಷ ಲೀಟರು ಉದ್ಘಾಟಿಸಿದವರು ಅದೇ ದಿನ ಹತ್ತು ಕೋಟಿ ಲೀಟರಿಗೂ ಹೆಚ್ಚು ಕೊಳಚೆಯನ್ನೂ ಉದ್ಘಾಟಿಸಿದರು. ಇದನ್ನು ಯಾರೂ ಬಲ್ಲವರಿರಲಿಲ್ಲ ಎನ್ನುವಂತಿಲ್ಲ. 1970ರ ದಶಕದಲ್ಲಿ ಮೂರು ಕಣಿವೆಗಳಲ್ಲಿ ಶುದ್ಧೀಕರಣ ಘಟಕಗಳೂ ಬಂದವು. ಆದರೆ ಘಟಕದ ವರೆಗೆ ಕೊಳಚೆ ಬರಬೇಕಾದರೆ ಪ್ರತಿ ಮನೆಯಿಂದ ಕೊಳವೆ ಬೇಕು, ಆ ಕೊಳವೆ ಒಡೆಯದೆ ಕಟ್ಟದೆ ಇರಬೇಕು. ಊರು ಕೊಳವೆಗಿಂತ ಬೇಗ ಬೆಳೆಯಿತು. ಕೊಳವೆ ಇಲ್ಲದ ಕಡೆ, ಕೊಳವೆ ಒಡೆದ ಕಡೆ, ಜನ ಮತ್ತು ಗುತ್ತಿಗೆದಾರರು ಸುಲಭದ ದಾರಿ ಹುಡುಕಿದರು. ಕೆರೆಯಿಂದ ಕೆರೆಗೆ ಮಳೆನೀರು ಒಯ್ಯಲು ಇದ್ದ ರಾಜಕಾಲುವೆ ಹತ್ತಿರದಲ್ಲೇ ಇತ್ತು. ಇಳಿಜಾರೂ ಸರಿಯಾಗಿತ್ತು, ಬಾಡಿಗೆಯೂ ಇರಲಿಲ್ಲ.

ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಇದನ್ನು ಬಹಳ ಜನ ಹೇಳಿದ್ದಾರೆ, ನಾನೂ ಹೇಳಿ ಮುಂದೆ ಹೋಗುತ್ತೇನೆ. ಮುಚ್ಚಿಹೋದ ಕೆರೆಗಿಂತ ಉಳಿದುಕೊಂಡ ಕೆರೆಯ ಪಾಡೇ ಹೆಚ್ಚು ಕಷ್ಟದ್ದು. ಬೆಳ್ಳಂದೂರು ಕೆರೆ ಉಳಿದುಕೊಂಡಿತು. ಸುಮಾರು ಒಂಬೈನೂರು ಎಕರೆಯ ಕೆರೆ, ಕೋರಮಂಗಲ–ಚಲ್ಲಘಟ್ಟದ ಕಣಿವೆಯ ನೀರೆಲ್ಲ ಅಲ್ಲಿಗೆ. ಕೆರೆಯ ಕೆಳಗೆ ಗದ್ದೆ, ಕೆರೆಯಲ್ಲಿ ಮೀನು ಇದ್ದ ಕಾಲವನ್ನು ಕಂಡವರು ಈಗಲೂ ಇದ್ದಾರೆ. ಕೊಳಚೆಯ ಗೊಬ್ಬರಕ್ಕೆ ಅಂತರಗಂಗೆ ಹಬ್ಬಿತು. ಅದರ ಅಡಿಯಲ್ಲಿ ಉಸಿರಿಲ್ಲದ ಕೆಸರು ಕೂತಿತು. ಬಟ್ಟೆ, ಪಾತ್ರೆ ತೊಳೆಯುವ ಸಾಬೂನು ಪುಡಿಯ ಅಂಶ ನೀರಿನಲ್ಲಿ ಕರಗಿಯೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನೀರು ಎತ್ತರದಿಂದ ಬಿದ್ದು ಕಲಕಿದಾಗ ಮಾತ್ರ ನೊರೆಯಾಗಿ ಏಳುತ್ತದೆ. ಅದಕ್ಕೇ ನೊರೆ ಕಾಣುವುದು ಕೆರೆಯ ನಡುವೆ ಅಲ್ಲ, ಕೋಡಿಯಲ್ಲಿ. 2015ರ ಮೇ ತಿಂಗಳಿನಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ, 2018ರ ಜನವರಿಯಲ್ಲಿ ಮತ್ತೆ ಕೆರೆಯಂಗಳ ಉರಿಯಿತು. ಕೆರೆಗೆ ಬೆಂಕಿ ಬಿತ್ತೆಂಬ ಸುದ್ದಿ ಲೋಕಕ್ಕೆಲ್ಲ ತಲುಪಿತು. ಹಸಿರು ನ್ಯಾಯಮಂಡಳಿಯವರು ಕಟ್ಟಪ್ಪಣೆ ಮಾಡಿದರು, ಹೂಳೆತ್ತುವ ಕೆಲಸ ನಡೆಯಿತು, ಹೊಸ ಶುದ್ಧೀಕರಣ ಘಟಕಗಳು ಬಂದವು.

ಬೆಳ್ಳಂದೂರಿನ ಕೋಡಿ ವರ್ತೂರು ಕೆರೆಗೆ, ವರ್ತೂರಿನ ಕೋಡಿ ಪಿನಾಕಿನಿಗೆ. ಲೋಕದ ಕಣ್ಣು ವರ್ತೂರಿನ ಆಚೆಗೆ ಹೆಚ್ಚು ಬರಲಿಲ್ಲ. ಕೆಲವರಪಳ್ಳಿ ಅಣೆಕಟ್ಟು ಹೊಸೂರು ಭಾಗದ ಸಾವಿರಾರು ಎಕರೆ ಹೊಲಗದ್ದೆಗೆ ನೀರು ಕೊಡಲೆಂದು ಕಟ್ಟಿದ್ದು. ಅಲ್ಲಿಯೂ ನೀರು ಬಾಗಿಲಿನಿಂದ ಕೆಳಕ್ಕೆ ಬೀಳುತ್ತದೆ, ಅಲ್ಲಿಯೂ ಅದೇ ನೊರೆ. ಮಳೆ ಬಂದು ಹೊಳೆ ಏರಿದಾಗ ನೊರೆ ಹೊಳೆಯನ್ನು ದಾಟಿ ರಸ್ತೆಗೆ, ಹೊಲಕ್ಕೆ ಹಾರುತ್ತದೆ. ಅಣೆಕಟ್ಟಿನ ಕೆಳಗಿನ ರೈತನ ಸಂಕಟ ವಿಚಿತ್ರವಾದದ್ದು. ನೀರು ಬೇಡವೆಂದು ಅವನು ಹೇಳಲಾರ, ಬೇಸಿಗೆಯಲ್ಲಿ ಅವನಿಗೆ ಇರುವುದು ಅದೊಂದೇ ನೀರು. ಇದೇ ನೀರು ಸಾಕೆಂದೂ ಹೇಳಲಾರ, ಕಾಲುವೆಗೆ ಇಳಿದರೆ ಕಾಲು ತುರಿಸುತ್ತದೆ, ದನಕ್ಕೆ ಕುಡಿಸಲು ಮನಸ್ಸು ಬರುವುದಿಲ್ಲ. ದೂರು ಕೊಡೋಣವೆಂದರೆ ಅವನು ಓಟು ಹಾಕುವುದು ಒಂದು ರಾಜ್ಯಕ್ಕೆ, ನೀರು ಬರುವುದು ಇನ್ನೊಂದು ರಾಜ್ಯದಿಂದ. ಅರ್ಜಿಯನ್ನು ಕನ್ನಡದಲ್ಲಿ ಬರೆದರೆ ಇಲ್ಲಿಯ ಕಚೇರಿಗೆ ತಿಳಿಯದು, ತಮಿಳಿನಲ್ಲಿ ಬರೆದರೆ ಅಲ್ಲಿಯ ಕಚೇರಿಗೆ ತಿಳಿಯದು. ಗಡಿಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ರಾಜ್ಯಗಳೂ ನೀರಿಗಾಗಿ ಕೋರ್ಟಿಗೆ ಹೋಗಿಲ್ಲವೆ ಎಂದು ಕೇಳಬಹುದು. ಕಾವೇರಿಯ ಮೊಕದ್ದಮೆ ಎಲ್ಲರಿಗೂ ಗೊತ್ತು. ಅದರಲ್ಲಿ ಬೆಂಗಳೂರಿಗೆ ಸಂಬಂಧಿಸಿದ ಒಂದು ಸಣ್ಣ ಲೆಕ್ಕ ಹೆಚ್ಚು ಜನರಿಗೆ ಗೊತ್ತಿಲ್ಲ. ಊರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಜಲಾನಯನದಲ್ಲಿದೆ, ಆದ್ದರಿಂದ ಅಷ್ಟಕ್ಕೆ ಮಾತ್ರ ಕುಡಿಯುವ ನೀರಿನ ಲೆಕ್ಕ ಎಂದು 2007ರ ತೀರ್ಪಿನಲ್ಲಿ ಕಾವೇರಿ ನ್ಯಾಯಮಂಡಳಿ ಹೇಳಿತು. ಅದರಲ್ಲಿಯೂ ನೂರಕ್ಕೆ ಇಪ್ಪತ್ತು ಭಾಗ ಮಾತ್ರ ಖರ್ಚು, ಉಳಿದ ಎಂಬತ್ತು ನದಿಗೆ ಮರಳುತ್ತದೆ ಎಂದು ಹಿಡಿದರು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಊರನ್ನು ಒಡೆದು ನೋಡುವುದು ಸರಿಯಲ್ಲವೆಂದು ಬೆಂಗಳೂರಿಗಾಗಿ 4.75 ಟಿಎಂಸಿ ಹೆಚ್ಚು ಕೊಟ್ಟಿತು. ಕುಡಿಯುವವರ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಊರಿನ ಪೂರ್ವಭಾಗದಲ್ಲಿ ಬಳಸಿದ ಕಾವೇರಿ ಕಾವೇರಿಗೆ ಮರಳುವುದಿಲ್ಲ, ಪಿನಾಕಿನಿಗೆ ಹೋಗುತ್ತದೆ. ಇಷ್ಟು ದೊಡ್ಡ ವ್ಯಾಜ್ಯದಲ್ಲಿ ಲೀಟರು ಲೀಟರಿಗೂ ವಾದ ನಡೆಯಿತು. ವಾದವೆಲ್ಲ ಎಷ್ಟು ನೀರು ಎಂಬುದನ್ನು ಕುರಿತೇ. ಮರಳಿ ಬರುವ ಎಂಬತ್ತು ಭಾಗ ಎಂಥ ಸ್ಥಿತಿಯಲ್ಲಿ ಬರುತ್ತದೆ ಎಂಬುದು ಆ ಹಂಚಿಕೆಯ ಲೆಕ್ಕದೊಳಗೆ ಬರಲಿಲ್ಲ.

ಪಶ್ಚಿಮದ ಕಡೆಯ ಕಥೆಯೂ ಬೇರೆಯಲ್ಲ. ವೃಷಭಾವತಿ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಐತಿಹ್ಯ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಅದರ ದಡದಲ್ಲಿದೆ. ಭಕ್ತರು ಹೊಳೆಯಲ್ಲಿ ಕೈಕಾಲು ತೊಳೆದು ಒಳಗೆ ಹೋಗುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಈಗ ಅದನ್ನು ಹೊಳೆಯೆಂದು ಹೇಳಿದರೆ ಮಕ್ಕಳು ನಂಬುವುದಿಲ್ಲ, ಮೋರಿ ಎನ್ನುತ್ತಾರೆ. ಬಿಡದಿಯ ಬಳಿ ಬೈರಮಂಗಲದ ಕೆರೆ ಈ ನೀರನ್ನು ಹಿಡಿದು ನಿಲ್ಲಿಸುತ್ತದೆ. ಅಲ್ಲಿಯ ರೈತರು ಮೊದಲು ಭತ್ತ ಬೆಳೆಯುತ್ತಿದ್ದರು. ಕೊಳಚೆಯಲ್ಲಿ ಸಾರಜನಕ ಹೆಚ್ಚು, ಪೈರು ಮಿತಿಮೀರಿ ಎತ್ತರಕ್ಕೆ ಬೆಳೆದು ತೆನೆ ಕಟ್ಟುವ ಮೊದಲೇ ಒರಗುತ್ತದೆ. ಅವರು ಭತ್ತವನ್ನು ಬಿಟ್ಟು ಹಿಪ್ಪುನೇರಳೆ, ಮೇವಿನ ಹುಲ್ಲು, ಎಳೆಯ ಜೋಳದ ಕಡೆಗೆ ಹೋದರು. ಆ ಮೇವು ತಿಂದ ಹಸುವಿನ ಹಾಲು ಬೆಂಗಳೂರಿಗೇ ಬರುತ್ತದೆ. ಚಾಮರಾಜಸಾಗರಕ್ಕೂ ಇದೇ ಗತಿಯಾಯಿತು. ಅರ್ಕಾವತಿಯ ಮೇಲ್ಭಾಗದಲ್ಲಿ ಬೆಳೆದ ಊರು ಮತ್ತು ಕಾರ್ಖಾನೆಗಳ ಕೊಳಚೆ ಇಳಿದು, 2010ರ ದಶಕದಲ್ಲಿ ಅಲ್ಲಿಂದ ಕುಡಿಯಲು ನೀರೆತ್ತುವುದು ನಿಂತಿತು. ಹತ್ತಿರದ ನೀರನ್ನು ಕೆಡಿಸಿಕೊಂಡವರು ದೂರದ ನೀರಿಗೆ ಹೋಗಲೇಬೇಕಾಗುತ್ತದೆ.

ಬೆಂಗಳೂರಿನವರೆಲ್ಲ ನೀರು ಚೆಲ್ಲಿ ಸುಖವಾಗಿದ್ದಾರೆಂದು ಇದರಿಂದ ತಿಳಿಯಬಾರದು. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಮಹಾನಗರದೊಳಗೆ ಸೇರಿಸಲಾಯಿತು. ಆ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿಯ ಹಂತ ಉದ್ಘಾಟನೆಯಾದದ್ದು ಹದಿನೇಳು ವರ್ಷದ ಮೇಲೆ, 2024ರಲ್ಲಿ. ನಡುವಿನ ಕಾಲದಲ್ಲಿ ಆ ಹಳ್ಳಿಗಳ ಹೊಲದಲ್ಲಿ ಹತ್ತಾರು ಅಂತಸ್ತಿನ ಕಟ್ಟಡಗಳು ಎದ್ದವು. ಕೊಳವೆ ಬಾವಿ ಮತ್ತು ಟ್ಯಾಂಕರು ಅವರ ನೀರು. ಗುಂಡಿ ಮತ್ತು ಗುಂಡಿ ಹೀರುವ ಲಾರಿ ಅವರ ಚರಂಡಿ. ಬೆಳಿಗ್ಗೆ ಒಂದು ಲಾರಿ ನೀರು ತಂದರೆ, ಇನ್ನೊಂದು ಲಾರಿ ಗುಂಡಿಯದನ್ನು ಹೀರಿಕೊಂಡು ಹೋಗಿ ಹೊರವಲಯದ ಯಾವುದೋ ಹೊಲಕ್ಕೆ ಇಳಿಸಿ ಬರುತ್ತದೆ. ಗೊಬ್ಬರವಾಯಿತೆಂದು ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ರೈತರೂ ಇದ್ದಾರೆ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಸಾವಿರಗಟ್ಟಲೆ ಬತ್ತಿ, ಟ್ಯಾಂಕರಿನ ಬೆಲೆಯನ್ನು ಸರ್ಕಾರವೇ ಗೊತ್ತು ಮಾಡಬೇಕಾಯಿತು. ಹಳೆಯ ಹಳ್ಳಿಯ ಗುಡಿಸಲಿನವಳು ಕೊಡಕ್ಕೆ ಕಾಸು ಕೊಟ್ಟಳು, ಮೇಲಂತಸ್ತಿನವನು ಲಾರಿಗೆ ಕೊಟ್ಟ. ಲೀಟರಿನ ಲೆಕ್ಕ ಹಾಕಿದರೆ ಹೆಚ್ಚು ಕೊಟ್ಟವಳು ಕೊಡದವಳೇ.

ಹೋಗುವ ನೀರಿಗೂ ಒಂದು ಬೆಲೆಯಿದೆ ಎಂದು ಸರ್ಕಾರ ಮನಗಂಡದ್ದು 2018ರಲ್ಲಿ. ಬರಗಾಲದ ಕೋಲಾರ ಜಿಲ್ಲೆಯ 126 ಕೆರೆಗಳಿಗೆ ಕೋರಮಂಗಲ–ಚಲ್ಲಘಟ್ಟದ ಕಣಿವೆಯ ಎರಡು ಹಂತದಲ್ಲಿ ಶುದ್ಧ ಮಾಡಿದ ನೀರನ್ನು ದಿನಕ್ಕೆ 44 ಕೋಟಿ ಲೀಟರಿನಂತೆ ಪಂಪು ಮಾಡುವ ಯೋಜನೆ ಅದು. ಮೊದಲು ನೀರು ಬಂದ ಲಕ್ಷ್ಮೀಸಾಗರದ ಕೆರೆಯಲ್ಲಿ ಆ ಜುಲೈನಲ್ಲೇ ನೊರೆ ಕಾಣಿಸಿಕೊಂಡಿತು. ಹೈಕೋರ್ಟು, ಸುಪ್ರೀಂ ಕೋರ್ಟಿನ ವರೆಗೆ ಮಾತು ಹೋಯಿತು, ನಿಂತು ನಿಂತು ಮತ್ತೆ ಹರಿಯಿತು. ಕೋಲಾರದಲ್ಲಿ ಈಗಲೂ ಎರಡು ಮಾತಿದೆ. ಬಾವಿಗಳಲ್ಲಿ ನೀರು ಮೇಲೆ ಬಂತು, ಬೆಳೆ ಕಂಡೆವು ಎನ್ನುವವರು ಒಂದು ಕಡೆ; ಮೂರನೆಯ ಹಂತದ ಶುದ್ಧಿಯಿಲ್ಲದೆ ಅಂತರ್ಜಲಕ್ಕೆ ಇಳಿಸಬೇಡಿ, ಕುಡಿಯುವುದೂ ಅದನ್ನೇ ಎನ್ನುವವರು ಇನ್ನೊಂದು ಕಡೆ. ನನಗೆ ಎರಡನೆಯವರ ಮಾತೇ ತೂಕವೆನಿಸುತ್ತದೆ. ಕೆರೆಯನ್ನು ಮತ್ತೆ ಖಾಲಿ ಮಾಡಬಹುದು, ನೆಲದಡಿಯ ನೀರನ್ನು ತೊಳೆಯುವ ಉಪಾಯವಿಲ್ಲ. ಹೊಸೂರಿನವರಿಗೆ ಮಾತ್ರ ಮೂರನೆಯದೊಂದು ಯೋಚನೆ. ಶುದ್ಧ ಮಾಡಿದ ನೀರು ಕೋಲಾರದ ಬೆಟ್ಟ ಹತ್ತಿದರೆ, ಪಿನಾಕಿನಿಗೆ ಉಳಿಯುವುದು ಶುದ್ಧ ಮಾಡದೆ ಬಿಟ್ಟದ್ದೇ ಅಲ್ಲವೆ ಎಂಬುದು.

ಹೊಸೂರು ಕುಡಿಯುವ ನೀರು ಯಾವುದೆಂದು ಹೇಳಿ ಈ ಮಾತನ್ನು ಮುಗಿಸುತ್ತೇನೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಬಾವಿನೀರಿನಲ್ಲಿ ಫ್ಲೋರೈಡ್ ಹೆಚ್ಚಿ, ಮಕ್ಕಳ ಹಲ್ಲು ಕಂದಾಗುವುದು, ಹಿರಿಯರ ಮೂಳೆ ಬಗ್ಗುವುದು ಹಳೆಯ ಕಾಟ. ಅದಕ್ಕಾಗಿ ತಮಿಳುನಾಡು ಸರ್ಕಾರ ಜಪಾನಿನ ಸಾಲದಿಂದ ಹೊಗೇನಕಲ್ಲಿನಲ್ಲಿ ಕಾವೇರಿಯ ನೀರೆತ್ತುವ ಯೋಜನೆ ಮಾಡಿತು. 2008ರಲ್ಲಿ ಅದರ ಮೇಲೆ ಕರ್ನಾಟಕದಲ್ಲಿ ದೊಡ್ಡ ಗಲಾಟೆ ನಡೆದದ್ದು, ಗಡಿಯಲ್ಲಿ ಬಸ್ಸುಗಳು ನಿಂತದ್ದು ನೆನಪಿರಬಹುದು. 2013ರಲ್ಲಿ ಯೋಜನೆ ಉದ್ಘಾಟನೆಯಾಗಿ ಎರಡು ಜಿಲ್ಲೆಗಳ ಊರುಗಳಿಗೆ ನೀರು ಬಂತು, ಹೊಸೂರಿಗೂ ಬಂತು. ಹೊಗೇನಕಲ್ಲಿನ ಮೇಲೆ, ಸಂಗಮದಲ್ಲಿ, ಅರ್ಕಾವತಿ ಕಾವೇರಿಗೆ ಸೇರುತ್ತದೆ. ಅರ್ಕಾವತಿಯೊಳಗೆ ವೃಷಭಾವತಿ ಇದೆ. ಶುದ್ಧ ಮಾಡಿಯೇ ಕೊಡುತ್ತಾರೆ, ಕೇಳುಗರು ಗಾಬರಿಯಾಗಬೇಕಾಗಿಲ್ಲ. ಹೀಗೆ ಬೆಂಗಳೂರಿನ ಪಶ್ಚಿಮದ ನೀರು ಹೊಗೇನಕಲ್ಲಿನ ಕಡೆಯಿಂದ, ಪೂರ್ವದ ನೀರು ಕೊಡಿಯಾಳದ ಕಡೆಯಿಂದ ಹೊಸೂರಿಗೆ ಬರುತ್ತದೆ. ಕೈಗಾರಿಕೆಗಳೊಂದಿಗೆ ಬೆಳೆದು 2019ರಲ್ಲಿ ಮಹಾನಗರಪಾಲಿಕೆಯಾದ ಹೊಸೂರಿನ ಮನೆಗಳಲ್ಲಿಯೂ ನೂರರಲ್ಲಿ ಎಂಬತ್ತು ಲೀಟರು ಹೊರಗೆ ಹೋಗಲೇಬೇಕು. ಊರಿನ ನಡುವಿನ ರಾಮನಾಯಕನ ಕೆರೆಗೆ ಕೊಳಚೆ ಸೇರಿದ್ದನ್ನು ಊರಿನವರೇ ಕಂಡಿದ್ದಾರೆ. ಅಲ್ಲಿಂದ ಮುಂದಿನ ಇಳಿಜಾರು ಪಿನಾಕಿನಿಯ ಕಡೆಗೆ, ಅದರ ಕೆಳಗಿರುವುದು ಕೃಷ್ಣಗಿರಿಯ ಅಣೆಕಟ್ಟು.